ಮುಖ ಎತ್ತ, ಕಲ್ಲು ಅತ್ತ

ಕೇಳುಗರೆಲ್ಲರಿಗೂ ನಮಸ್ಕಾರ.

ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಕೂತಿದ್ದರೆ ಎದ್ದು ನಿಲ್ಲಿ. ಒಲೆ ಮುಂದೆ ಇರುವವರು ಮನಸ್ಸಿನಲ್ಲೇ ಮಾಡಿದರೂ ಸಾಕು. ರೇಡಿಯೋ ಕಡೆ ಮುಖ ಮಾಡಿ. ಒಂದು ಕೈಯನ್ನು ನೇರ ಮುಂದಕ್ಕೆ ಚಾಚಿ. ಈಗ ಕೈ ರೇಡಿಯೋ ಕಡೆಗೇ ಇದೆ, ಅಲ್ವಾ? ಕೈ ಹಾಗೇ ಚಾಚಿರಲಿ, ಬಲಕ್ಕೆ ಸುತ್ತಿನ ಕಾಲು ಭಾಗದಷ್ಟು ತಿರುಗಿ. ಕೈ ಈಗಲೂ ನಿಮ್ಮ ಮುಂದೆಯೇ ಇದೆ. ಆದರೆ ರೇಡಿಯೋ ನಿಮ್ಮ ಎಡಕ್ಕೆ ಹೋಯಿತು. ರೇಡಿಯೋ ಇದ್ದ ಜಾಗ ಬಿಟ್ಟು ಕದಲಲಿಲ್ಲ. ಮೂಡಣ ಪಡುವಣಗಳೂ ಇದ್ದಲ್ಲೇ ಇವೆ. ನಿಮ್ಮ 'ಮುಂದೆ' ಮಾತ್ರ ನಿಮ್ಮ ಜೊತೆ ತಿರುಗಿತು.

ಮೂಡಣ ಪಡುವಣ ಅನ್ನುವುದು ನೆಲದ ಲೆಕ್ಕ. ಮುಂದೆ ಹಿಂದೆ, ಎಡ ಬಲ ಅನ್ನುವುದು ಮೈಯ ಲೆಕ್ಕ. ನಾವು ದಾರಿ ಹೇಳುವಾಗ ಎರಡನ್ನೂ ಬೆರೆಸಿ ಹೇಳುತ್ತೇವೆ, ಕೇಳಿದವರು ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ. ಕಂಪ್ಯೂಟರ್‌ಗೆ ಹಾಗೆ ಬೆರೆಸಿ ಹೇಳಿದರೆ ನಡೆಯುವುದಿಲ್ಲ. ಇದು ನನಗೆ ಚೆನ್ನಾಗಿ ತಿಳಿದದ್ದು ಅಕ್ಕನ ಮಗಳಿಗೆ ಒಂದು ಗೇಮ್ ಮಾಡಲು ಜೊತೆ ಕೊಟ್ಟಾಗ.

ಅವಳು ಎಂಟನೇ ಕ್ಲಾಸು. ರಜೆಗೆ ಬಂದಿದ್ದಳು. ನಮ್ಮ ತಾತ ಜೋಳದ ಹೊಲದಲ್ಲಿ ಅಟ್ಟ ಕಟ್ಟಿ, ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದ ಕತೆಯನ್ನು ಅವಳು ನನ್ನ ಬಾಯಲ್ಲಿ ಕೇಳಿದ್ದಳು. ಅದನ್ನೇ ಗೇಮ್ ಮಾಡುತ್ತೇನೆ ಎಂದು ಹಟ ಹಿಡಿದಳು. ಹೊಲವನ್ನು ಮೇಲಿನಿಂದ ನೋಡಿದ ಹಾಗೆ ಪರದೆ. ನಡುವೆ ಕವಣೆ ಹಿಡಿದ ಹುಡುಗಿ. ಹಾಲು ತುಂಬಿದ ಕಾಳು ತಿನ್ನಲು ಇಳಿಯುವ ಗಿಣಿಗಳು. ಕೀಬೋರ್ಡಿನ ನಾಲ್ಕು ಬಾಣದ ಗುರುತಿನಿಂದ ಹುಡುಗಿ ನಡೆಯಬೇಕು. ಸ್ಪೇಸ್ ಕೀ ಒತ್ತಿದರೆ ಕಲ್ಲು ಹಾರಬೇಕು. ನಾವು ಬಳಸಿದ್ದು ಗೊಡೊ ಎಂಬ ಸಾಫ್ಟ್‌ವೇರ್. ಅರ್ಜೆಂಟೀನಾದ ಇಬ್ಬರು ಶುರು ಮಾಡಿದ್ದು. 2014ರಲ್ಲಿ ಅದರ ಮೂಲ ಕೋಡನ್ನೇ ಎಲ್ಲರಿಗೂ ತೆರೆದಿಟ್ಟರು. ದುಡ್ಡು ಕೊಡಬೇಕಾಗಿಲ್ಲ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಸಂಜೆ ಹೊತ್ತಿಗೆ ಪರದೆಯ ಹುಡುಗಿ ನಡೆದಳು. ಕಲ್ಲೂ ಹಾರಿತು. ಆಮೇಲೆ ಕರೆ ಬಂತು.

"ಮಾಮಾ, ಕಲ್ಲು ಬರೀ ಬಲಕ್ಕೇ ಹೋಗುತ್ತೆ!"

ಹುಡುಗಿ ಎಡಕ್ಕೆ ತಿರುಗಿದರೂ ಬಲಕ್ಕೆ, ಮೇಲಕ್ಕೆ ತಿರುಗಿದರೂ ಬಲಕ್ಕೆ. ಅಕ್ಕನ ಮಗಳು ಬರೆದಿದ್ದು ಇಷ್ಟು: ಕಲ್ಲಿನ ವೇಗ ಬಲಕ್ಕೆ ಸೆಕೆಂಡಿಗೆ 400 ಪಿಕ್ಸೆಲ್. ಪಿಕ್ಸೆಲ್ ಅಂದರೆ ಪರದೆಯ ಮೇಲಿನ ಒಂದು ಚುಕ್ಕೆ. ಅವಳ ಮನಸ್ಸಿನಲ್ಲಿ ಬಲ ಎಂದರೆ ಹುಡುಗಿಯ ಮುಂದೆ. ಯಾಕೆಂದರೆ ಶುರುವಿನಲ್ಲಿ ಹುಡುಗಿ ನಡೆಯುತ್ತಿದ್ದದ್ದು ಆ ಕಡೆಗೆ. ಕಂಪ್ಯೂಟರ್‌ಗೆ ಬಲ ಎಂದರೆ ಪರದೆಯ ಬಲ. ನೆಲದ ಲೆಕ್ಕ. ಅದು ಯಾರ ಜೊತೆಗೂ ತಿರುಗುವುದಿಲ್ಲ.

"ಹಾಗಾದರೆ ಹುಡುಗಿ ಹೋಗುತ್ತಿರುವ ಕಡೆಗೇ ಕಲ್ಲು ಹೋಗಲಿ" ಎಂದಳು. ಬಾಣದ ಕೀಗಳಿಂದ ಸಿಗುವ ದಿಕ್ಕನ್ನೇ ಕಲ್ಲಿಗೂ ಕೊಟ್ಟಳು. ಕೆಲಸ ಮಾಡಿತು. ಆದರೆ ಹುಡುಗಿ ನಿಂತ ಕೂಡಲೇ ಎಡವಟ್ಟಾಯಿತು. ನಿಂತಾಗ ಯಾವ ಕೀಯೂ ಒತ್ತಿರುವುದಿಲ್ಲ. ದಿಕ್ಕು ಸೊನ್ನೆ. ಸೊನ್ನೆಯನ್ನು 400ರಿಂದ ಗುಣಿಸಿದರೂ ಸೊನ್ನೆಯೇ. ಕಲ್ಲು ಹುಟ್ಟಿತು, ಕಾಲ ಬುಡದಲ್ಲೇ ಕೂತಿತು. ಹತ್ತು ಸಲ ಒತ್ತಿದಾಗ ಹತ್ತು ಕಲ್ಲು ಒಂದರ ಮೇಲೊಂದು.

ಇನ್ನೊಂದು ವಿಷಯವನ್ನು ಅವಳೇ ಗಮನಿಸಿದಳು, ನನಗೆ ಬಹಳ ಸಂತೋಷವಾಯಿತು. ಎರಡು ಕೀ ಒಟ್ಟಿಗೆ ಒತ್ತಿ ಓರೆಯಾಗಿ ಹೊಡೆದರೆ ಕಲ್ಲು ಜಾಸ್ತಿ ಜೋರಾಗಿ ಹೋಗುತ್ತಿತ್ತು. ಬಲಕ್ಕೆ ಒಂದು, ಕೆಳಕ್ಕೆ ಒಂದು ಹೆಜ್ಜೆ ಸೇರಿದರೆ ಓರೆ ದಾರಿ ಒಂದಲ್ಲ, ಸುಮಾರು 1.41. ಪೈಥಾಗೊರಸ್ ಲೆಕ್ಕ. ಅವಳು ಹಿಂದಿನ ತಿಂಗಳಷ್ಟೇ ಕ್ಲಾಸಿನಲ್ಲಿ ಮಾಡಿದ್ದಳು. ದಿಕ್ಕಿನ ಉದ್ದವನ್ನು ಮೊದಲು ಒಂದಕ್ಕೆ ಇಳಿಸಿ, ಆಮೇಲೆ ವೇಗದಿಂದ ಗುಣಿಸಬೇಕು. ಗೇಮ್ ಮಾಡುವವರು ಇದಕ್ಕೆ ನಾರ್ಮಲೈಸ್ ಮಾಡುವುದು ಎನ್ನುತ್ತಾರೆ.

ನಿಂತಾಗ ಕಲ್ಲು ಕದಲದಿರುವುದರ ಹಿಂದೆ ದೊಡ್ಡ ಮಾತಿದೆ. ಮುಖ ಮಾಡಿರುವ ದಿಕ್ಕು ಬೇರೆ, ಸಾಗುತ್ತಿರುವ ದಿಕ್ಕು ಬೇರೆ. ನಾವು ನಿಂತರೂ ನಮ್ಮ ಮುಖ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. 1979ರಲ್ಲಿ ಅಟಾರಿ ಕಂಪನಿ ತಂದ ಆಸ್ಟರಾಯ್ಡ್ಸ್ ಆಟದಲ್ಲಿ ಇದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ತ್ರಿಕೋನದ ಹಾಗಿರುವ ಒಂದು ಪುಟ್ಟ ನೌಕೆ. ಒಮ್ಮೆ ತಳ್ಳಿದರೆ ಜಾರುತ್ತಾ ಹೋಗುತ್ತದೆ. ಜಾರುತ್ತಿರುವಾಗಲೇ ಮೂತಿಯನ್ನು ಬೇರೆ ಕಡೆ ತಿರುಗಿಸಬಹುದು. ಗುಂಡು ಹೊರಡುವುದು ಮೂತಿ ಇರುವ ಕಡೆಗೆ. ಹಿಂದೆ ಬರುತ್ತಿರುವ ಬಂಡೆಯನ್ನು ಮುಂದೆ ಸಾಗುತ್ತಲೇ ಹೊಡೆಯಬಹುದು. ಆ ಆಟದ ರುಚಿ ಇರುವುದೇ ಅಲ್ಲಿ. 1982ರ ರೊಬೊಟ್ರಾನ್ 2084 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದಕ್ಕೆ ಎರಡು ಜಾಯ್‌ಸ್ಟಿಕ್. ಒಂದು ನಡೆಯಲು, ಇನ್ನೊಂದು ಹೊಡೆಯಲು.

ಹೀಗಾಗಿ ಹುಡುಗಿಗೆ ಒಂದು ನೆನಪು ಕೊಟ್ಟೆವು. ಕೀ ಒತ್ತಿದ್ದರೆ ಆ ದಿಕ್ಕಿನ ಕೋನವನ್ನು ಬರೆದಿಟ್ಟುಕೊ. ಒತ್ತಿಲ್ಲದಿದ್ದರೆ ಹಳೆಯದನ್ನು ಮುಟ್ಟಬೇಡ. ಅಷ್ಟೇ. ಇನ್ನು ಅವಳು ನಿಂತರೂ ಅವಳ ಮುಖ ಎತ್ತ ಇದೆ ಎಂದು ಗೇಮ್‌ಗೆ ಗೊತ್ತು.

ಈಗ ಕೈಯಲ್ಲಿ ಒಂದು ಕೋನ ಇದೆ. ಕೋನದಿಂದ ದಿಕ್ಕು ಹೇಗೆ ಬರುತ್ತದೆ? ಪರದೆಗೆ ಗೊತ್ತಿರುವುದು ಅಡ್ಡ ಮತ್ತು ಉದ್ದ, ಎರಡೇ. ಹುಡುಗಿ 30 ಡಿಗ್ರಿ ತಿರುಗಿದ್ದಾಳೆ ಅನ್ನಿ. ಕಲ್ಲಿನ 400ರಲ್ಲಿ ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು? ಅಡ್ಡದ ಪಾಲು ಕೊಸೈನ್ 30, ಅಂದರೆ 0.866. ಉದ್ದದ ಪಾಲು ಸೈನ್ 30, ಅಂದರೆ ಅರ್ಧ. ಹಾಗಾಗಿ ಅಡ್ಡಕ್ಕೆ 346, ಉದ್ದಕ್ಕೆ 200. ಒಂದು ಎಚ್ಚರಿಕೆ ಇದೆ. ಶಾಲೆಯ ನಕ್ಷೆಯಲ್ಲಿ ಉದ್ದದ ಗೆರೆ, ಅಂದರೆ ವೈ ಗೆರೆ, ಮೇಲಕ್ಕೆ ಏರುತ್ತದೆ. ಗೊಡೊ ಪರದೆಯಲ್ಲಿ ವೈ ಕೆಳಕ್ಕೆ ಇಳಿಯುತ್ತದೆ. ಹಾಗಾಗಿ 30 ಡಿಗ್ರಿ ಎಂದರೆ ಗಡಿಯಾರದ ಮುಳ್ಳಿನ ಹಾಗೆ ಬಲದಿಂದ ಕೆಳಗೆ.

ಈ ಸೈನ್ ಎಂಬ ಪದದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಮ್ಮ ಹಳೆಯ ಗಣಿತದಲ್ಲಿ ಇದರ ಹೆಸರು ಜ್ಯಾ. ಜ್ಯಾ ಎಂದರೆ ಬಿಲ್ಲಿನ ಹೆದೆ. ವೃತ್ತದ ಒಂದು ತುಂಡನ್ನು ಬಿಲ್ಲು ಎಂದುಕೊಂಡರೆ, ಅದರ ಎರಡು ತುದಿ ಸೇರಿಸುವ ಗೆರೆ ಹೆದೆ. ಆ ಹೆದೆಯ ಅರ್ಧವೇ ಇವತ್ತಿನ ಸೈನ್. ಬಿಲ್ಲಿಗೂ ಹೆದೆಗೂ ನಡುವಿನ ಪುಟ್ಟ ಗೆರೆಗೆ ಶರ ಎಂಬ ಹೆಸರೂ ಇತ್ತು. ಆರ್ಯಭಟ 499ರ ಹೊತ್ತಿಗೆ 24 ಜ್ಯಾಗಳ ಪಟ್ಟಿ ಕೊಟ್ಟಿದ್ದ, ಮೂರು ಮುಕ್ಕಾಲು ಡಿಗ್ರಿಗೆ ಒಂದರಂತೆ. ಜ್ಯಾ ಎಂಬುದು ಜೀವಾ ಆಗಿ, ಅರಬ್ಬರ ಬಾಯಲ್ಲಿ ಜೀಬ ಆಯಿತು. ಬರಹದಲ್ಲಿ ಅದನ್ನು ಜೈಬ್ ಎಂದು ಓದಿದರು. ಜೈಬ್ ಎಂದರೆ ಅರಬ್ಬಿಯಲ್ಲಿ ಮಡಿಲು. ಆ ಅರ್ಥವನ್ನೇ ಲ್ಯಾಟಿನ್‌ಗೆ ತಿರುಗಿಸಿ ಸೈನಸ್ ಎಂದರು. ಇವತ್ತು ಯಾರೋ ಒಬ್ಬರು ಗೇಮ್‌ನಲ್ಲಿ ಬಾಣ ಬಿಡಲು ಸೈನ್ ಎಂದು ಟೈಪ್ ಮಾಡಿದಾಗ, ಅವರು ಬಿಲ್ಲಿನ ಹೆದೆಯ ಹೆಸರನ್ನೇ ಬರೆಯುತ್ತಿದ್ದಾರೆ. ಇದನ್ನು ಹೇಳಿದಾಗ ಅಕ್ಕನ ಮಗಳು ಕೀಬೋರ್ಡಿನಿಂದ ಕೈ ತೆಗೆದು ನನ್ನ ಮುಖ ನೋಡಿದಳು.

ಕಂಪ್ಯೂಟರ್ ಆಟಗಳ ಆರಂಭದಲ್ಲೂ ಈ ಸೈನ್‌ಗಾಗಿ ಕಾದು ಕೂತ ಕತೆ ಇದೆ. ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಎಂಬ ಕಂಪ್ಯೂಟರಿನಲ್ಲಿ ಸ್ಪೇಸ್‌ವಾರ್ ಆಟ ಮಾಡಿದರು. 1962ರ ಮಾತು. ಎರಡು ನೌಕೆ, ಮೂತಿ ಇರುವ ಕಡೆಗೆ ಹಾರುವ ಟಾರ್ಪೆಡೊ. ಆ ಯಂತ್ರಕ್ಕೆ ಸೈನ್ ಕೊಸೈನ್ ಬರುತ್ತಿರಲಿಲ್ಲ. ಅದಿಲ್ಲ ಎಂದು ರಸೆಲ್ ಕೆಲಸ ಮುಂದೂಡುತ್ತಿದ್ದರು. ಕೊನೆಗೆ ಅಲನ್ ಕೊಟೊಕ್ ಎಂಬ ಗೆಳೆಯ ಆ ಕಂಪ್ಯೂಟರ್ ಮಾಡಿದ ಕಂಪನಿಗೇ ಹೋಗಿ, ಸೈನ್ ಕೊಸೈನ್ ಲೆಕ್ಕದ ಪ್ರೋಗ್ರಾಂ ತಂದು ಮುಂದಿಟ್ಟರು. ಆಮೇಲೆ ನೌಕೆಗಳು ತಿರುಗಿದವು.

ನಾವು ಅಷ್ಟು ಕಷ್ಟಪಡಬೇಕಾಗಿಲ್ಲ. ಗೊಡೊದಲ್ಲಿ ಒಂದೇ ಸಾಲು: ವೆಕ್ಟರ್ ರೈಟ್, ಅಂದರೆ ಬಲಕ್ಕೆ ಒಂದು ಹೆಜ್ಜೆ, ಅದನ್ನು ಹುಡುಗಿಯ ಕೋನದಷ್ಟು ತಿರುಗಿಸು, ವೇಗದಿಂದ ಗುಣಿಸು. ಸೈನ್ ಕೊಸೈನ್ ಒಳಗೇ ನಡೆಯುತ್ತದೆ. ಮೂರು ಆಯಾಮದ ಗೇಮ್‌ಗಳಲ್ಲೂ ಯೋಚನೆ ಇದೇ. ಹೆಸರು ಮಾತ್ರ ಬೇರೆ. ಅಲ್ಲಿ ಎಕ್ಸ್, ವೈ, ಜೆಡ್ ಎಂದು ಮೂರು ಗೆರೆ. ಯೂನಿಟಿ, ಅನ್‌ರಿಯಲ್ ಕೂಡ ಗೊಡೊ ಹಾಗೆ ಗೇಮ್ ಮಾಡುವ ಸಾಫ್ಟ್‌ವೇರ್. ಯೂನಿಟಿಯಲ್ಲಿ ಮುಂದೆ ಎಂದರೆ ಜೆಡ್ ಗೆರೆ, ಅನ್‌ರಿಯಲ್‌ನಲ್ಲಿ ಎಕ್ಸ್, ಗೊಡೊದಲ್ಲಿ ಜೆಡ್‌ನ ಉಲ್ಟಾ ದಿಕ್ಕು. ಒಂದರಿಂದ ಇನ್ನೊಂದಕ್ಕೆ ಹೋಗುವವರು ಇದನ್ನು ಮೊದಲು ನೋಡಿಕೊಂಡರೆ ಅರ್ಧ ದಿನ ಉಳಿಯುತ್ತದೆ.

ಮಾರನೇ ದಿನ ಹೊಸ ತೊಂದರೆ. ಹುಡುಗಿ ಗಿಣಿಯನ್ನೇ ನೋಡುತ್ತಿದ್ದಾಳೆ, ಕಲ್ಲು ಅವಳ ಬಲಗೈ ಕಡೆ ಹಾರುತ್ತಿದೆ. ಯಾವ ಕಡೆ ತಿರುಗಿದರೂ ಬಲಗೈ ಕಡೆಗೇ. ಸರಿಯಾಗಿ ಕಾಲು ಸುತ್ತು ತಪ್ಪು. ತಪ್ಪು ಹೀಗೆ ಒಂದೇ ಅಳತೆಯಲ್ಲಿ ಬಂದರೆ ಅದು ಒಳ್ಳೆಯ ಸುದ್ದಿ, ಕಾರಣವೂ ಒಂದೇ ಇರುತ್ತದೆ. ಅವಳು ಹುಡುಗಿಯ ಚಿತ್ರ ಬಿಡಿಸಿದ್ದು ಮುಖ ಮೇಲಕ್ಕೆ ಇರುವ ಹಾಗೆ. ಗೊಡೊ ಪ್ರಕಾರ ಸೊನ್ನೆ ಡಿಗ್ರಿ ಎಂದರೆ ಬಲಕ್ಕೆ. ಹುಡುಗಿಯ ಮುಖ ಒಂದು ಕಡೆ, ನಡಿಗೆ ಇನ್ನೊಂದು ಕಡೆ ಇದೆ ಎಂದು ನಾನು ಮಲಗಿದ ಮೇಲೆ ಅಕ್ಕನ ಮಗಳೇ ಹುಡುಗಿಯ ಕೋನಕ್ಕೆ 90 ಸೇರಿಸಿದ್ದಳು. ಚಿತ್ರ ಸರಿಹೋಯಿತು. ಕಲ್ಲು ಕೆಟ್ಟಿತು, ಯಾಕೆಂದರೆ ಕಲ್ಲೂ ಅದೇ ಕೋನವನ್ನೇ ಕೇಳುತ್ತಿತ್ತು.

ಕಲ್ಲಿನ ಲೆಕ್ಕದಲ್ಲಿ 90 ಕಳೆದರೂ ಆಗುತ್ತಿತ್ತು. ನನಗೆ ಅದು ಒಪ್ಪಲಿಲ್ಲ. ಇವತ್ತು ಕಲ್ಲಿಗೆ ಕಳೆಯುತ್ತೀರಿ, ನಾಳೆ ಗೇಮ್‌ಗೆ ಒಂದು ನಾಯಿ ಬಂದರೆ ಅದಕ್ಕೂ ಕಳೆಯುತ್ತೀರಿ, ನಾಡಿದ್ದು ಒಂದು ಕಡೆ ಮರೆಯುತ್ತೀರಿ. ತಪ್ಪಿರುವುದು ಚಿತ್ರದಲ್ಲಿ. ಹುಡುಗಿಯ ಒಳಗೆ ಚಿತ್ರ ಬೇರೆಯಾಗೇ ಇರುತ್ತದೆ. ಕೋನಕ್ಕೆ ಸೇರಿಸಿದ್ದ 90 ತೆಗೆದು, ಆ ಚಿತ್ರವೊಂದನ್ನೇ 90 ಡಿಗ್ರಿ ತಿರುಗಿಸಿಟ್ಟೆವು. ಹುಡುಗಿಯ ಕೋನ ಶುದ್ಧವಾಯಿತು.

ಇನ್ನು ಕೊನೆಯ ತೊಂದರೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಕಲ್ಲು ಈಗ ಮುಖ ಇರುವ ಕಡೆಗೇ ಹೊರಡುತ್ತಿತ್ತು. ಆದರೆ ಅದು ಗಾಳಿಯಲ್ಲಿ ಇರುವಾಗ ಹುಡುಗಿ ತಿರುಗಿದರೆ, ಕಲ್ಲೂ ತಿರುಗುತ್ತಿತ್ತು! ಅವಳು ಸುಮ್ನೆ ಎಡಕ್ಕೆ ನಡೆದರೆ, ದೂರದಲ್ಲಿ ಹಾರುತ್ತಿದ್ದ ಕಲ್ಲೂ ಎಡಕ್ಕೆ ಸರಿಯುತ್ತಿತ್ತು. ಕಾಣದ ದಾರದಲ್ಲಿ ಕಟ್ಟಿದ ಹಾಗೆ.

"ಬಿಟ್ಟ ಬಾಣ ಅಂತೀವಲ್ಲ ಮಾಮಾ, ಇದು ಬಿಟ್ಟೇ ಇಲ್ಲ" ಎಂದಳು.

ಅವಳು ಹೇಳಿದ್ದು ನಿಜ. ಕಲ್ಲನ್ನು ಅವಳು ಹುಡುಗಿಯ ಮಗುವಾಗಿ ಸೇರಿಸಿದ್ದಳು. ಗೊಡೊದಲ್ಲಿ ಒಂದರ ಕೆಳಗೆ ಇನ್ನೊಂದನ್ನು ಸೇರಿಸಿದರೆ, ಮೇಲಿನದು ಸರಿದ ಹಾಗೆ, ತಿರುಗಿದ ಹಾಗೆ ಕೆಳಗಿನದೂ ಸರಿಯುತ್ತದೆ, ತಿರುಗುತ್ತದೆ. ಕೈಯಲ್ಲಿರುವ ಕವಣೆಗೆ ಅದು ಸರಿ. ಕೈ ಬಿಟ್ಟ ಕಲ್ಲಿಗೆ ಸರಿಯಲ್ಲ. ಕಲ್ಲನ್ನು ಹುಡುಗಿಗೆ ಸೇರಿಸದೆ ಹೊಲಕ್ಕೆ ಸೇರಿಸಬೇಕು. ಹುಟ್ಟುವಾಗ ಮೂರು ವಿಷಯ ಕೊಟ್ಟು ಕಳಿಸಬೇಕು: ನೀನು ಇಲ್ಲಿಂದ ಹೊರಡು, ಇದು ನಿನ್ನ ದಿಕ್ಕು, ಇದು ನಿನ್ನ ವೇಗ. ಅಲ್ಲಿಂದ ಮುಂದೆ ಕಲ್ಲು ಹುಡುಗಿಯನ್ನು ಏನೂ ಕೇಳಬಾರದು. ಪ್ರತಿ ಕ್ಷಣ ಹಿಂತಿರುಗಿ 'ನಿನ್ನ ಮುಖ ಎತ್ತ ಇದೆ' ಎಂದು ಕೇಳುವ ಕೋಡನ್ನು ನಾನು ಬೇರೆಯವರ ಗೇಮ್‌ಗಳಲ್ಲೂ ಕಂಡಿದ್ದೇನೆ. ಅಲ್ಲೂ ಇದೇ ದಾರದ ಕಾಟ.

ತಾತನ ಕವಣೆ ನನಗೆ ಆಗ ನೆನಪಾಯಿತು. ಎರಡು ಎಳೆ, ನಡುವೆ ಕಲ್ಲು ಕೂರಲು ಹೆಣೆದ ಜಾಗ. ಒಂದು ಎಳೆಯ ಕುಣಿಕೆ ಬೆರಳಿಗೆ. ಇನ್ನೊಂದರ ತುದಿ ಮುಷ್ಟಿಯಲ್ಲಿ. ತಲೆಯ ಮೇಲೆ ಬೀಸಿ ಬೀಸಿ, ಮುಷ್ಟಿಯ ಎಳೆ ಬಿಟ್ಟರೆ ಸುಂಯ್ ಎಂದು ಕಲ್ಲು ಹೋಗುತ್ತಿತ್ತು. ಬೀಸುವಾಗ ಕಲ್ಲು ಸುತ್ತುತ್ತಲೇ ಇರುತ್ತದೆ. ಬಿಟ್ಟ ಮೇಲೆ ಅದು ಸುತ್ತುವುದಿಲ್ಲ. ಬಿಟ್ಟ ಕ್ಷಣದಲ್ಲಿ ಎತ್ತ ಹೊರಟಿತ್ತೋ ಅತ್ತ ನೆಟ್ಟಗೆ. ಒಂದು ಚೂರು ಮೊದಲು ಬಿಟ್ಟರೂ ತಪ್ಪು, ತಡವಾದರೂ ತಪ್ಪು. ನಾನು ಬೀಸಿದ ಕಲ್ಲು ಎಷ್ಟೋ ಸಲ ನನ್ನ ಹಿಂದಿನ ಬದುವಿಗೇ ಬಿದ್ದಿದೆ.

ಇದನ್ನು ಅವಳಿಗೆ ಹೇಳಿದೆ. ಹಳೆಯ ಟವಲ್ಲಿನ ಅಂಚು ಹರಿದು, ಕಾಗದದ ಉಂಡೆ ಇಟ್ಟು ಹಿತ್ತಿಲಲ್ಲಿ ಬೀಸಿಯೂ ತೋರಿಸಿದೆ. ಅವಳು ಒಳಗೆ ಹೋಗಿ ಗೇಮ್ ಬದಲಿಸಿದಳು. ಮೊದಲು ಸ್ಪೇಸ್ ಕೀ ಒತ್ತಿದಾಗ ಕಲ್ಲು ಹಾರುತ್ತಿತ್ತು. ಈಗ ಒತ್ತಿ ಹಿಡಿದಿರುವಷ್ಟು ಹೊತ್ತು ಹುಡುಗಿ ಕವಣೆ ಬೀಸುತ್ತಾಳೆ. ಬೀಸುತ್ತಲೇ ತಿರುಗಬಹುದು, ಗಿಣಿ ಇಳಿಯುವ ಕಡೆ ಕಾಯಬಹುದು. ಕೀ ಬಿಟ್ಟಾಗ, ಆ ಕ್ಷಣದ ಕೋನ ತೆಗೆದುಕೊಂಡು ಕಲ್ಲು ಹೊರಡುತ್ತದೆ. ಕಲ್ಲು ಹಾರುತ್ತಿರುವಾಗಲೇ ಹುಡುಗಿ ಇನ್ನೊಂದು ಕಡೆ ತಿರುಗಿದಳು. ಕಲ್ಲು ತನ್ನ ದಾರಿ ಬಿಡಲಿಲ್ಲ. ಮೇಲಿನ ಮೂಲೆಯ ತೆನೆಗಳಿಂದ ಏಳು ಗಿಣಿ ಒಟ್ಟಿಗೆ ಎದ್ದವು.

ನಮಸ್ಕಾರ.