ತಿರುವಿನ ಆಚೆ ಏನಿದೆ?

ಎಲ್ಲರಿಗೂ ನಮಸ್ಕಾರ. ಮಳೆ ಬರುವ ಹಾಗಿದ್ದರೂ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ಮುಂದಿನ ಸಾಲಿನಲ್ಲಿ ಡಿಗ್ರಿ ಮೊದಲ ವರ್ಷದ ಹುಡುಗ ಹುಡುಗಿಯರಿದ್ದಾರೆ. ಹಿಂದೆ ಕೂತಿರುವ ಅಕ್ಕಂದಿರಲ್ಲಿ ಹೆಚ್ಚಿನವರು ಸ್ಕೂಟರ್ ಕಲಿಯಬೇಕು ಅಂತ ಬಂದವರು. ಎಲ್ಲರದೂ ಒಂದೇ ಪ್ರಶ್ನೆ. ಎಲ್‌ಎಲ್‌ಆರ್, ಅಂದರೆ ಗಾಡಿ ಕಲಿಯುವವರಿಗೆ ಕೊಡುವ ಲೈಸೆನ್ಸ್, ಅದರ ಪರೀಕ್ಷೆಗೆ ಏನು ಓದಬೇಕು?

ಒಳಗೆ ಬರುವಾಗ ಒಬ್ಬ ಹುಡುಗ ಮೊಬೈಲ್ ತೋರಿಸಿದ. ಅದರಲ್ಲಿ ನೂರಾರು ಪ್ರಶ್ನೆ, ಪ್ರತಿಯೊಂದಕ್ಕೂ ಉತ್ತರ. 'ಇದನ್ನು ಬಾಯಿಪಾಠ ಮಾಡಿದರೆ ಸಾಕಲ್ವಾ?' ಅಂದ. ಪಾಸಾಗುವುದಕ್ಕೆ ಸಾಕಪ್ಪ. ಪರೀಕ್ಷೆ ಕನ್ನಡದಲ್ಲೇ ಇರುತ್ತದೆ. ನೂರಕ್ಕೆ 60ರಷ್ಟು ಸರಿ ಬಂದರೆ ಆಯಿತು. ಆದರೆ ಬಾಯಿಪಾಠ ಮಾಡಿದ್ದು ವಾರಕ್ಕೆಲ್ಲ ಮರೆತುಹೋಗುತ್ತದೆ. ನಾನು ಕಲಿಸಿದವರಲ್ಲೇ ನೋಡಿದ್ದೇನೆ. ಎಲ್ಲ ಉತ್ತರ ಸರಿ ಒತ್ತಿ ಹೊರಗೆ ಬರುತ್ತಾರೆ. ಆರ್‌ಟಿಓ ಗೇಟಿನ ಮುಂದೆಯೇ ಹಿಂದೆ ನೋಡದೆ ಗಾಡಿ ತಿರುಗಿಸುತ್ತಾರೆ.

ನಾನು 18 ವರ್ಷದಿಂದ ಗಾಡಿ ಓಡಿಸುವುದನ್ನು ಕಲಿಸುತ್ತಿದ್ದೇನೆ. ಅದೇ ಪ್ರಶ್ನೆಗಳನ್ನು ಮತ್ತೆ ಮತ್ತೆ ಓದಿಸುತ್ತಾ ನನಗೆ ಒಂದು ವಿಷಯ ಹೊಳೆಯಿತು. ರಸ್ತೆಯ ನಿಯಮಗಳಲ್ಲಿ ಹೆಚ್ಚಿನವು ಹುಟ್ಟಿರುವುದು ನಮ್ಮ ಕಣ್ಣಿಗೆ ಏನೋ ಕಾಣದೇ ಇರುವ ಜಾಗದಲ್ಲಿ. ತಿರುವಿನ ಆಚೆ ಕಾಣುವುದಿಲ್ಲ. ದಿಬ್ಬದ ಆ ಕಡೆ ಕಾಣುವುದಿಲ್ಲ. ನಿಂತ ಬಸ್ಸಿನ ಮುಂದೆ ಯಾರು ದಾಟುತ್ತಿದ್ದಾರೆ ಅಂತ ಕಾಣುವುದಿಲ್ಲ. ಹಾಗಾಗಿ ನಿಯಮ ಓದುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ನನಗೆ ಏನು ಕಾಣುತ್ತಿಲ್ಲ? ಅದು ಸಿಕ್ಕರೆ ಉತ್ತರ ತಾನಾಗಿ ಬರುತ್ತದೆ.

ನಮ್ಮ ನಂದಿ ಬೆಟ್ಟದಿಂದಲೇ ಶುರು ಮಾಡೋಣ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರ. ಭಾನುವಾರ ಬೆಳಗ್ಗೆ ಸೂರ್ಯ ಹುಟ್ಟುವುದನ್ನು ನೋಡಿದವರು ಇಳಿಯುತ್ತಿರುತ್ತಾರೆ, ತಡವಾಗಿ ಎದ್ದವರು ಹತ್ತುತ್ತಿರುತ್ತಾರೆ. ತಿರುವಿನಲ್ಲಿ ಎದುರುಬದುರು ಸಿಕ್ಕರು, ಎರಡು ಗಾಡಿ ಹೋಗಲು ಜಾಗ ಸಾಲದು. ಯಾರು ನಿಲ್ಲಬೇಕು? ಇಳಿಯುವವರು ನಿಲ್ಲಬೇಕು, ಹತ್ತುವವರಿಗೆ ದಾರಿ ಬಿಡಬೇಕು. ಇದು ಪರೀಕ್ಷೆಯಲ್ಲಿ ಬರುವ ಪ್ರಶ್ನೆ.

ಯಾಕೆ ಹಾಗೆ? ಇಳಿಯುವವನ ಕಣ್ಣಿಗೆ ಎದುರಿನ ಕಾರು ಕಾಣುತ್ತದೆ, ಅದರೊಳಗಿನ ಕಾಲು ಕಾಣುವುದಿಲ್ಲ. ಏರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಮತ್ತೆ ಎತ್ತುವುದು ಕಷ್ಟ. ಕ್ಲಚ್ಚು, ಬ್ರೇಕು, ಆಕ್ಸಿಲರೇಟರ್ ಮೂರನ್ನೂ ಹದವಾಗಿ ಹಿಡಿಯಬೇಕು. ಹೊಸಬರಾದರೆ ಗಾಡಿ ಆಫ್ ಆಗುತ್ತದೆ, ಹಿಂದಕ್ಕೆ ಜಾರುತ್ತದೆ. ಹಿಂದೆ ಬೈಕಿನಲ್ಲಿ ಗಂಡ ಹೆಂಡತಿ ಮಗು ಇರಬಹುದು. ಇಳಿಯುವವನಿಗೆ ಆ ಕಷ್ಟ ಇಲ್ಲ. ಬ್ರೇಕ್ ಬಿಟ್ಟರೆ ಗಾಡಿ ಹೊರಡುತ್ತದೆ. ಕಷ್ಟ ಯಾರಿಗೆ ಜಾಸ್ತಿಯೋ ಅವರಿಗೆ ದಾರಿ. ಈ ನಿಯಮ ನನಗೆ ತುಂಬಾ ಇಷ್ಟ. ನಮ್ಮ ಮನೆಗಳಲ್ಲಿ ತಲೆ ಮೇಲೆ ಹೊರೆ ಹೊತ್ತು ಬರುವವರಿಗೆ ನಾವು ಪಕ್ಕಕ್ಕೆ ಸರಿದು ನಿಲ್ಲುತ್ತೇವಲ್ಲ, ಅದೇ ಇದು.

ಬೆಟ್ಟದ ಮಾತು ಬಂದಿದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಪೆಟ್ರೋಲ್ ಉಳಿಯುತ್ತೆ ಅಂತ ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಯುವವರಿದ್ದಾರೆ. ದಯವಿಟ್ಟು ಬೇಡ. ಹತ್ತಿದ ಗೇರಿನಲ್ಲೇ ಇಳಿಯಿರಿ. ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬರೀ ಬ್ರೇಕಿನ ಮೇಲೆ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕಾರಿನಲ್ಲಿ ಇಂಜಿನ್ ಆಫ್ ಆದರೆ ಬ್ರೇಕ್ ಪೆಡಲ್ಲೂ ಗಟ್ಟಿಯಾಗುತ್ತದೆ. ಬ್ರೇಕ್ ಕಾದಿದ್ದು ಕಣ್ಣಿಗೆ ಕಾಣುವುದಿಲ್ಲ. ವಾಸನೆ ಬರುವ ಹೊತ್ತಿಗೆ ತಡವಾಗಿರುತ್ತದೆ.

ಇದೇ ಪ್ರಶ್ನೆಯನ್ನು ಬೇರೆ ನಿಯಮಗಳಿಗೂ ಹಾಕಿ ನೋಡಿ. ಕಿರಿದಾದ ಸೇತುವೆ, ಎದುರಿನಿಂದ ಗಾಡಿ ಒಳಗೆ ಬರುತ್ತಿದೆ. ಏನು ಮಾಡಬೇಕು? ಅದು ದಾಟುವವರೆಗೆ ಕಾಯಬೇಕು. ಲೈಟ್ ಹಾಕಿ ನುಗ್ಗುವುದಲ್ಲ. ತಿರುವಿನಲ್ಲಿ, ದಿಬ್ಬದ ನೆತ್ತಿಯಲ್ಲಿ ಓವರ್‌ಟೇಕ್ ಬೇಡ. ಕಾರಣ ನಿಮಗೇ ಗೊತ್ತು. ಓವರ್‌ಟೇಕ್ ಬಲಗಡೆಯಿಂದ. ಮುಂದಿನವನು ಬಲಕ್ಕೆ ತಿರುಗಲು ಸನ್ನೆ ಕೊಟ್ಟು ರಸ್ತೆಯ ನಡುವಿಗೆ ಬಂದಿದ್ದರೆ ಮಾತ್ರ ಎಡದಿಂದ ಹೋಗಬಹುದು. ಯಾರಾದರೂ ನಿಮ್ಮನ್ನು ಓವರ್‌ಟೇಕ್ ಮಾಡುತ್ತಿದ್ದರೆ ನೀವು ಸ್ಪೀಡ್ ಜಾಸ್ತಿ ಮಾಡಬಾರದು. ಇದೂ ನಿಯಮವೇ. ಹುಡುಗರೇ, ಇದನ್ನು ನಿಮಗಾಗಿಯೇ ಇನ್ನೊಂದು ಸಲ ಹೇಳುತ್ತೇನೆ: ಸ್ಪೀಡ್ ಜಾಸ್ತಿ ಮಾಡಬಾರದು.

ಸರ್ಕಲ್‌ನಲ್ಲಿ ಆಗಲೇ ಒಳಗೆ ಸುತ್ತುತ್ತಿರುವವರಿಗೆ ಮೊದಲ ದಾರಿ. ಸಿಗ್ನಲ್ಲೂ ಪೊಲೀಸರೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಬಿಡಬೇಕು. ಸಣ್ಣ ರಸ್ತೆಯಿಂದ ಮುಖ್ಯರಸ್ತೆಗೆ ಬರುವವರು ನಿಂತು ಬರಬೇಕು. ಜೀಬ್ರಾ ಪಟ್ಟೆಯ ಹತ್ತಿರ ಜನ ದಾಟಲು ಕಾಯುತ್ತಿದ್ದರೆ ಗಾಡಿ ನಿಲ್ಲಿಸಿ ದಾಟಲು ಬಿಡಬೇಕು. ಬಿಳಿ ಕೋಲು ಹಿಡಿದು ದಾಟುವವರು ಸಿಕ್ಕರೆ ಆ ಕೋಲನ್ನೇ ಸ್ಟಾಪ್ ಬೋರ್ಡ್ ಅಂದುಕೊಳ್ಳಬೇಕು.

ಕೈ ಸನ್ನೆಯನ್ನೂ ಕೇಳುತ್ತಾರೆ. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕಿದೆ. ಹಾಗಾಗಿ ಎಲ್ಲ ಸನ್ನೆಯೂ ಬಲಗೈಯಲ್ಲೇ. ಬಲಕ್ಕೆ ಹೋಗಲು ಕೈಯನ್ನು ನೇರವಾಗಿ ಚಾಚಬೇಕು. ಎಡಕ್ಕೆ ಹೋಗಲು ಅದೇ ಕೈಯನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಬೇಕು. ಯೂ ಟರ್ನ್‌ಗೆ ಬಲಕ್ಕೆ ಕೊಡುವ ಸನ್ನೆಯೇ. ನಿಮ್ಮ ಮನಸ್ಸಿನಲ್ಲಿರುವುದು ಹಿಂದಿನವನಿಗೆ ಕಾಣುವುದಿಲ್ಲ, ಅದನ್ನು ಕಾಣಿಸಲು ಇರುವುದು ಸನ್ನೆ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕಿ ನೇರ ಹೋಗುವ ಅಭ್ಯಾಸ ಹೈವೇಯಲ್ಲಿ ಬಂದುಬಿಟ್ಟಿದೆ. ಅದು ಗಾಡಿ ಕೆಟ್ಟು ನಿಂತಾಗ ಹಾಕುವುದು. ಪಕ್ಕದಿಂದ ನೋಡುವವನಿಗೆ ಒಂದೇ ದೀಪ ಕಾಣುತ್ತದೆ. ಅವನು ನೀವು ತಿರುಗುತ್ತೀರಿ ಅಂದುಕೊಳ್ಳುತ್ತಾನೆ.

ಈಗ ರಾತ್ರಿಯ ವಿಷಯ. ಇಲ್ಲಿ ನಾನು ಸ್ವಲ್ಪ ನಿಧಾನ ಮಾಡುತ್ತೇನೆ.

ನಾನು ಪಿಯುಸಿ ಓದುತ್ತಿದ್ದಾಗ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಗೂಡು ಬಿಡಿಸಿದ ಮೇಲೆ ನಮ್ಮಪ್ಪ ಚೀಲ ಕಟ್ಟಿಕೊಂಡು ಮೊಪೆಡ್‌ನಲ್ಲಿ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್‌ಗೆ ಹೋಗುತ್ತಿದ್ದರು. ಕತ್ತಲಿರುವಾಗಲೇ ಹೊರಡುವುದು. ಒಂದು ದಿನ ರಸ್ತೆಯಲ್ಲಿ ಕೆಟ್ಟು ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರ್‌ಗೆ ಹಿಂದಿನಿಂದ ಗುದ್ದಿದರು. ಟ್ರೇಲರ್ ಹಿಂದೆ ದೀಪ ಇಲ್ಲ, ಕೆಂಪು ರಿಫ್ಲೆಕ್ಟರ್ ಇಲ್ಲ. ಎದುರಿನಿಂದ ಒಂದು ಲಾರಿ ಹೈ ಬೀಮ್‌ನಲ್ಲಿ ಬರುತ್ತಿತ್ತಂತೆ. ಕಣ್ಣು ಕೋರೈಸಿತು, ಆಮೇಲೆ ಏನೂ ಗೊತ್ತಾಗಲಿಲ್ಲ ಅಂತ ಹೇಳುತ್ತಿದ್ದರು. ಕಾಲು ಎರಡು ಕಡೆ ಮುರಿದಿತ್ತು. ಬದುಕಿದರು. ಆದರೆ ಮತ್ತೆ ಕೂತು ಹುಳುವಿಗೆ ಸೊಪ್ಪು ಹಾಕಲು ಅವರಿಂದ ಆಗಲಿಲ್ಲ. ಹುಳು ಸಾಕುವುದನ್ನೇ ಬಿಟ್ಟೆವು.

ಎದುರಿನಿಂದ ಗಾಡಿ ಬಂದಾಗ ಡಿಮ್ ಮಾಡಬೇಕು ಅಂತ ಪುಸ್ತಕದಲ್ಲಿ ಒಂದೇ ಸಾಲು ಇರುತ್ತದೆ. ರಾತ್ರಿ ರಸ್ತೆಯಲ್ಲಿ ನಿಂತ ಗಾಡಿಗೆ ಪಾರ್ಕಿಂಗ್ ಲೈಟ್ ಇರಬೇಕು, ಹಿಂದೆ ಹೊಳೆಯುವ ಕೆಂಪು ತ್ರಿಕೋನ ಇಡಬೇಕು ಅಂತ ಇನ್ನೊಂದು ಸಾಲು. ಆ ಎರಡು ಸಾಲುಗಳ ನಡುವೆ ನಮ್ಮಪ್ಪನ ಕಾಲು ಇತ್ತು. ನಮ್ಮ ಕಡೆ ಗಾಡಿ ಕೆಟ್ಟರೆ ಸುತ್ತ ಕಲ್ಲಿಟ್ಟು, ಹಸಿರು ಕೊಂಬೆ ಸಿಕ್ಕಿಸುತ್ತಾರೆ. ಹಗಲಿಗೆ ಕೊಂಬೆಯಾದರೂ ಕಂಡೀತು. ರಾತ್ರಿ ಕಾಣುವುದಿಲ್ಲ. ಗಾಡಿ ರಿಪೇರಿಯಾಗಿ ಹೋದ ಮೇಲೆ ಆ ಕಲ್ಲುಗಳು ರಸ್ತೆಯಲ್ಲೇ ಉಳಿಯುತ್ತವೆ. ಮನೆಯಲ್ಲಿ ಟ್ರ್ಯಾಕ್ಟರ್ ಇರುವವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ನೋಡಿ, ಅರ್ಧ ಹಾಲ್. ಇವತ್ತು ಮನೆಗೆ ಹೋಗಿ ಟ್ರೇಲರ್ ಹಿಂದೆ ರಿಫ್ಲೆಕ್ಟರ್ ಇದೆಯಾ, ಅದರ ಮೇಲೆ ಮಣ್ಣು ಮೆತ್ತಿದೆಯಾ ನೋಡಿ. ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿ.

ಸ್ಪೀಡಿನ ಲೆಕ್ಕವೂ ಇಲ್ಲೇ ಬರುತ್ತದೆ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಮುಂದೆ ಏನೋ ಇದೆ ಅಂತ ಕಣ್ಣಿಗೆ ಕಂಡು, ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಗಾಡಿ ಒಂದು ಬಸ್ಸಿಗಿಂತ ಉದ್ದದ ದೂರ ಹೋಗಿರುತ್ತದೆ, ಬ್ರೇಕ್ ಇನ್ನೂ ಹಿಡಿದೇ ಇಲ್ಲ. ಸ್ಪೀಡ್ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ಓಡುವ ದೂರ ನಾಲ್ಕು ಪಟ್ಟಾಗುತ್ತದೆ. ಸೈನ್ಸ್ ಓದಿದವರಿಗೆ ಗೊತ್ತು. ಹೆಡ್‌ಲೈಟ್ ಬೆಳಕು ಮುಟ್ಟುವ ದೂರದೊಳಗೆ ನಿಲ್ಲುವ ಹಾಗೆ ಓಡಿಸಬೇಕು. ಚಳಿಗಾಲದ ಮಂಜಿನಲ್ಲಿ ಆ ದೂರ ಇನ್ನೂ ಕಮ್ಮಿ.

ಬೋರ್ಡ್‌ಗಳಿಗೆ ಹೆಚ್ಚು ಹೊತ್ತು ಬೇಡ. ಆಕಾರ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ದುಂಡಗಿರುವುದು ಆಜ್ಞೆ: ಕೆಂಪು ಅಂಚಿದ್ದರೆ ಮಾಡಬೇಡ, ನೀಲಿ ಇದ್ದರೆ ಹೀಗೇ ಮಾಡು. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ. ಚೌಕದ ನೀಲಿ ಬೋರ್ಡ್ ಮಾಹಿತಿ. ಎಂಟು ಮೂಲೆಯ ಕೆಂಪು ಬೋರ್ಡ್ ಸ್ಟಾಪ್, ತಲೆಕೆಳಗಾದ ತ್ರಿಕೋನ ದಾರಿ ಬಿಡು. ಈ ಎರಡಕ್ಕೆ ಮಾತ್ರ ಬೇರೆ ಆಕಾರ. ಧೂಳು ಮೆತ್ತಿದ್ದರೂ, ಹಿಂದಿನಿಂದ ನೋಡಿದರೂ ಗೊತ್ತಾಗುತ್ತದೆ. ರಸ್ತೆಯ ನಡುವಿನ ತುಂಡು ಗೆರೆಯನ್ನು ಜಾಗ ನೋಡಿ ದಾಟಬಹುದು, ಅಖಂಡ ಗೆರೆಯನ್ನು ದಾಟಬಾರದು. ಹಳದಿ ದೀಪ ಬಂದರೆ ಓಡು ಅಂತಲ್ಲ, ನಿಲ್ಲು ಅಂತ.

ಕಾವಲಿಲ್ಲದ ರೈಲ್ವೆ ಗೇಟಿನ ಪ್ರಶ್ನೆ ನೋಡಿ ಹುಡುಗರು ನಗುತ್ತಾರೆ. ಗಾಡಿಯನ್ನು ಎಡಕ್ಕೆ ನಿಲ್ಲಿಸಿ, ಇಳಿದು, ಹಳಿಯ ಹತ್ತಿರ ನಡೆದುಹೋಗಿ, ಎರಡೂ ಕಡೆ ರೈಲು ಬರುತ್ತಿಲ್ಲ ಅಂತ ನೋಡಿ ದಾಟಬೇಕು. ಇದು ಮೋಟಾರು ವಾಹನ ಕಾಯ್ದೆಯ 131ನೇ ಸೆಕ್ಷನ್. ಈಗ ಬ್ರಾಡ್‌ಗೇಜ್ ಮಾರ್ಗದಲ್ಲಿ ಅಂಥ ಗೇಟುಗಳನ್ನು ತೆಗೆದಿದ್ದಾರೆ. ಆದರೂ ನಾನು ಈ ಪ್ರಶ್ನೆಯನ್ನು ಬಿಡದೆ ಓದಿಸುತ್ತೇನೆ. ಕಾಣದಿದ್ದರೆ ಇಳಿದು ಹೋಗಿ ನೋಡು ಅಂತ ಕಾನೂನೇ ಹೇಳುತ್ತದೆ. ಮನೆ ಮುಂದೆ ಕಾರು ಹಿಂದಕ್ಕೆ ತೆಗೆಯುವಾಗ, ಹಿಂದೆ ಮಗು ಆಡುತ್ತಿರಬಹುದು ಅನ್ನಿಸಿದಾಗ, ಇಳಿದು ನೋಡುವುದು ಅರ್ಧ ನಿಮಿಷದ ಕೆಲಸ.

ಇನ್ನೊಂದು ವಿಷಯ, ಅಪ್ಪ ಅಮ್ಮಂದಿರಿಗೆ. 16 ತುಂಬಿದ ಮಕ್ಕಳಿಗೆ ಲೈಸೆನ್ಸ್ ಸಿಗುತ್ತೆ ಅಂತ ಎಷ್ಟೋ ಜನ ಹೇಳುತ್ತಾರೆ. ಸಿಗುವುದು 50 ಸಿಸಿ ಒಳಗಿನ ಗಾಡಿಗೆ ಮಾತ್ರ. ನಿಮ್ಮ ಮನೆಯ ಪೆಟ್ರೋಲ್ ಸ್ಕೂಟರ್ 100 ಸಿಸಿ ಮೇಲಿರುತ್ತದೆ. ಟ್ಯೂಷನ್‌ಗೆ ಹೋಗಿ ಬರಲಿ ಅಂತ ಕೀ ಕೊಡುತ್ತೀರಿ. 2019ರ ತಿದ್ದುಪಡಿಯಲ್ಲಿ ಬಂದ 199ಎ ಸೆಕ್ಷನ್ ಪ್ರಕಾರ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ದಂಡಕ್ಕೆ ಹೆದರಿಯಾದರೂ ಕೀ ಕೊಡಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಹೆಲ್ಮೆಟ್ ಹಿಂದೆ ಕೂತವರಿಗೂ ಬೇಕು, ನಾಲ್ಕು ವರ್ಷ ದಾಟಿದ ಮಗುವಿಗೂ ಬೇಕು.

ಅಪಘಾತವಾದರೆ ಏನು ಮಾಡಬೇಕು ಅನ್ನುವುದೂ ಪರೀಕ್ಷೆಯಲ್ಲಿದೆ. ಗಾಯಗೊಂಡವರನ್ನು ಹತ್ತಿರದ ಆಸ್ಪತ್ರೆಗೆ ಸೇರಿಸಬೇಕು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಅದು ಗಾಡಿ ಓಡಿಸಿದವರ ಕೆಲಸ. ದಾರಿಯಲ್ಲಿ ಹೋಗುವವರಿಗೆ? ನಮ್ಮಪ್ಪ ಬಿದ್ದಾಗ ಎರಡು ಗಾಡಿ ನಿಲ್ಲಿಸದೆ ಹೋದವಂತೆ. ಡೇರಿಗೆ ಹಾಲು ಒಯ್ಯುತ್ತಿದ್ದವರೊಬ್ಬರು ಕ್ಯಾನ್‌ಗಳನ್ನು ಪಕ್ಕಕ್ಕೆ ತಳ್ಳಿ ಅವರನ್ನು ಮಲಗಿಸಿಕೊಂಡು ಬಂದರು. ಆಸ್ಪತ್ರೆ ಬಾಗಿಲಲ್ಲಿ ಇಳಿಸಿ, ಹೆಸರನ್ನೂ ಹೇಳದೆ ಹೊರಟುಬಿಟ್ಟರು. ಪೊಲೀಸು, ಕೋರ್ಟು ಅಂತ ಅಲೆಯಬೇಕಾಗುತ್ತದೆ ಅನ್ನುವ ಭಯ. ಅವರಿಗೆ ಒಂದು ಲೋಟ ಕಾಫಿಯನ್ನೂ ಕೊಡಲು ನಮಗೆ ಆಗಲಿಲ್ಲ. ಇವತ್ತು ಆ ಭಯ ಬೇಡ. 134ಎ ಸೆಕ್ಷನ್ ಬಂದಿದೆ. ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ವಿಳಾಸ ಹೇಳಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ. ಇದನ್ನು ಮನೆಯಲ್ಲಿ, ಊರಿನಲ್ಲಿ ಎಲ್ಲರಿಗೂ ಹೇಳಿ.

ಕೊನೆಗೆ ನಿಮ್ಮ ಎಲ್‌ಎಲ್‌ಆರ್ ಲೆಕ್ಕ. ಅದು ಆರು ತಿಂಗಳು ನಡೆಯುತ್ತದೆ. 30 ದಿನ ಆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಅಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್, ಅಂದರೆ ಆರ್‌ಟಿಓ ಇನ್‌ಸ್ಪೆಕ್ಟರ್ ಮುಂದೆ ಎಂಟರ ಆಕಾರದಲ್ಲಿ ಗಾಡಿ ಓಡಿಸಿ ತೋರಿಸಬೇಕು. ಅಲ್ಲಿಯವರೆಗೆ ಗಾಡಿ ಮುಂದೆಯೂ ಹಿಂದೆಯೂ ಬಿಳಿ ಹಿನ್ನೆಲೆಯಲ್ಲಿ ಕೆಂಪು ಎಲ್ ಬೋರ್ಡ್ ಇರಬೇಕು. ಕಾರಾದರೆ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಎಲ್ ಬೋರ್ಡ್ ಹಾಕಲು ನಾಚಿಕೆ ಪಡುತ್ತಾರೆ. ನೀವು ಹೊಸಬರು ಅನ್ನುವುದು ಹಿಂದಿನವನಿಗೆ ಗೊತ್ತಾಗುವುದು ಅದರಿಂದಲೇ. ಗೊತ್ತಾದರೆ ಹಾರ್ನ್ ಹೊಡೆಯದೆ ಎರಡು ಮಾರು ದೂರ ಇರುತ್ತಾನೆ.

ಬೋರ್ಡ್‌ಗಳ ಚಿತ್ರ ಇರುವ ಹಾಳೆಗಳನ್ನು ತಂದಿದ್ದೇನೆ, ಈ ಮೇಜಿನ ಮೇಲಿವೆ. ಈ ವಾರವೇ ಪರೀಕ್ಷೆ ಇರುವವರು ಮೊದಲು ಬನ್ನಿ. ಹಿಂದಿನ ಸಾಲಿನ ಅಕ್ಕಂದಿರೇ, ಮಕ್ಕಳನ್ನು ಸ್ಕೂಲಿಂದ ಕರೆದುಕೊಂಡು ಬರುವ ಹೊತ್ತಾಯಿತು ಅನ್ನುವವರು ಒಂದೊಂದು ಹಾಳೆ ತೆಗೆದುಕೊಂಡು ಹೊರಡಿ. ಉಳಿದವರು ಪ್ರಶ್ನೆ ಕೇಳಿ.