ಪರ್ಸಿ ಖಣಿಯ ದಿಬ್ಬಕ್ಕೆ ಮೇಲ್ಮಣ್ಣು: ಎರಡನೆಯ ವರ್ಷ

ನಮಸ್ಕಾರ. ಶಹಾಬಾದಿನ ಹತ್ತಿರ, ನಮ್ಮ ಹೊಲಕ್ಕೆ ಹತ್ತಿಕೊಂಡಿರುವ ಹಳೆಯ ಪರ್ಸಿ (ನೆಲಕ್ಕೆ ಹಾಸುವ ಸುಣ್ಣಕಲ್ಲಿನ ಚಪ್ಪಡಿ) ಖಣಿಯ ತ್ಯಾಜ್ಯದ ದಿಬ್ಬದ ಮೇಲೆ ಮತ್ತೆ ನಿಂತಿದ್ದೇನೆ. ಇದರ ಮೇಲೆ ಹಸಿರು ಬೆಳೆಸುವುದು ನಮ್ಮ ಕೆಲಸ. ಇಳಿಜಾರು ತಗ್ಗಿಸಿದ್ದು, ಅಡ್ಡ ಬದು ಹಾಕಿದ್ದು ನಿಮಗೇ ಕಾಣುತ್ತಿದೆ.

ಮಣ್ಣಿನ ವಿಷಯವನ್ನು ಮಾತ್ರ ಹೇಳಲೇಬೇಕು. ಕಳೆದ ವರ್ಷ ಮೇಲ್ಮಣ್ಣು ಎಂದು ನಂಬಿ ಟ್ರ್ಯಾಲಿಗೆ 900 ರೂಪಾಯಿಯಂತೆ 14 ಟ್ರ್ಯಾಲಿ ಹಾಕಿಸಿದೆ. ಒಟ್ಟು 12,600 ರೂಪಾಯಿ. ಕೈಯಲ್ಲಿ ಪುಡಿ ಮಾಡಿದಾಗ ಜೋಳದ ಕಾಳಿನಷ್ಟು ಬಿಳಿಯ ಸುಣ್ಣದ ಹರಳುಗಳು ಉಳಿದವು. ಅದು ಬಾವಿ ತೋಡಿದಾಗ ಆಳದಿಂದ ಬಂದ ಮಣ್ಣು. ತಂದವರನ್ನು ಕೇಳಿದರೆ, "ಮಣ್ಣು ಮಣ್ಣೇ ಅಲ್ಲೇನ್ರಿ ಅಣ್ಣಾ?" ಎಂದರು.

ಖಂಡಿತ ಅಲ್ಲ. ಒಂದು ಕುಂಡದಲ್ಲಿ ಆ ಮಣ್ಣನ್ನೂ ಇನ್ನೊಂದರಲ್ಲಿ ನಮ್ಮ ತೊಗರಿ ಹೊಲದ ಬದುವಿನ ಮೇಲಿನ ಗೇಣುದ್ದದ ಮಣ್ಣನ್ನೂ ತುಂಬಿ, ಏನನ್ನೂ ಬಿತ್ತದೆ ದಿನವೂ ನೀರು ಹಾಕಿದೆ. ಎಂಟನೆಯ ದಿನಕ್ಕೆ ಬದುವಿನ ಮಣ್ಣಿನಲ್ಲಿ ಗರಿಕೆ, ಉತ್ತರಾಣಿ ತಲೆಯೆತ್ತಿದವು. ಕೊಂಡ ಮಣ್ಣು ತಿಂಗಳಾದರೂ ಬಿರಿದು ಬರಿದಾಗಿಯೇ ಇತ್ತು. ಬೀಜ, ಬೇರಿಗೆ ಹೆಣೆದುಕೊಳ್ಳುವ ಶಿಲೀಂಧ್ರ, ಕೊಳೆತ ಎಲೆಯ ಸಾರ, ಇವೆಲ್ಲ ಹೆಚ್ಚಾಗಿ ಇರುವುದು ಮೇಲಿನ ಪದರದಲ್ಲೇ. ಆ ಮಣ್ಣನ್ನು ಎತ್ತರದ ರಾಶಿಯಾಗಿ ವರ್ಷಗಟ್ಟಲೆ ಬಿಟ್ಟರೂ ಒಳಗೆ ಗಾಳಿಯಾಡದೆ ಅದರ ಜೀವ ಕುಂದುತ್ತದೆ. ಅಮೆರಿಕದಲ್ಲಿ ಕಲ್ಲಿದ್ದಲು ಗಣಿಗಾಗಿ 1977ರಲ್ಲಿ ಬಂದ ಕಾನೂನು ಮೇಲ್ಮಣ್ಣನ್ನು ಬೇರೆಯಾಗಿಯೇ ತೆಗೆದು ಕಾಪಾಡಬೇಕೆನ್ನುವುದು ಇದಕ್ಕೇ.

ಕಲ್ಲಿದ್ದಲಿನ ದಿಬ್ಬಗಳ ಕಷ್ಟ ನಮ್ಮದಕ್ಕಿಂತ ದೊಡ್ಡದು. ಅಲ್ಲಿನ ತ್ಯಾಜ್ಯದಲ್ಲಿ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಇದ್ದರೆ ಗಾಳಿ, ನೀರು ತಾಗಿ ಗಂಧಕಾಮ್ಲ ಹುಟ್ಟುತ್ತದೆ. ಮೇಘಾಲಯದ ಜೈಂತಿಯಾ ಬೆಟ್ಟಗಳ ಹೊಳೆಗಳು ಕೆಟ್ಟಿರುವುದು ಹೀಗೆಯೇ. ಅಂಥ ದಿಬ್ಬಗಳಿಗೆ ಹುಳಿ ತಗ್ಗಿಸಲು ಸುಣ್ಣ ಬೆರೆಸುತ್ತಾರೆ, ನಮ್ಮ ದಿಬ್ಬವೋ ಪೂರ್ತಿ ಸುಣ್ಣಕಲ್ಲೇ. ನಮಗಿರುವ ತೊಂದರೆ ಚೂರುಗಳ ಸಂದಿನಲ್ಲಿ ನೀರು ನಿಲ್ಲದಿರುವುದು.

ಕಳೆದ ಬಾರಿ ಮೊದಲು ಬೇವಿನ ಸಸಿ ನೆಡಬೇಕೆಂದು ಒತ್ತಿ ಹೇಳಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ: ಮೊದಲು ಹುಲ್ಲು ಹಿಡಿಯಬೇಕು. 40 ಸಸಿಗಳಲ್ಲಿ ಉಳಿದದ್ದು 11, ಅವೂ ಗರಿಕೆ ಹಬ್ಬಿದ ಕಡೆಯವೇ. ಈ ಸಸಿಯ ಬುಡವನ್ನು ಹತ್ತಿರದಿಂದ ನೋಡಿ: ಗರಿಕೆಯ ಬೇರು ಮಣ್ಣನ್ನು ಬಿಗಿಯಾಗಿ ಹಿಡಿದಿದೆ, ಅದರಾಚೆ ಒಂದು ಮೊಳಕ್ಕೆ ಮಣ್ಣೆಲ್ಲ ತೊಳೆದುಹೋಗಿ ಪರ್ಸಿಯ ಅಂಚು ಹೊರಬಿದ್ದಿದೆ.

ಟ್ರ್ಯಾಕ್ಟರ್ ಬರುವ ಹೊತ್ತಾಯಿತು, ಬೇಗ ಹೇಳುತ್ತೇನೆ. ಪಕ್ಕದ ಹೊಲದವರು ಇಂದು ಹೊಸ ಖಣಿ ತೆರೆಯುತ್ತಿದ್ದಾರೆ. ಮೇಲಿನ ಗೇಣುದ್ದದ ಎರೆಮಣ್ಣನ್ನು ಬೇರೆಯಾಗಿ ತೆಗೆದು ರಾಶಿ ಹಾಕದೆ ನೇರವಾಗಿ ಇಲ್ಲಿಗೇ ಕಳುಹಿಸಲು ಒಪ್ಪಿದ್ದಾರೆ. ಮೃಗಶಿರ ಮಳೆ ಬೀಳುವ ಮೊದಲು ಅದನ್ನು ಹರಡಿ ಮುಗಿಸಬೇಕು, ಮೇಲೆ ಜೆಸಿಬಿ ಓಡಾಡಿ ಮಣ್ಣು ಗಟ್ಟಿಯಾಗದಂತೆ ಸಲಿಕೆಯಲ್ಲೇ ಹರಡುತ್ತೇವೆ.