ಮೊಣಕೈ ಇಲ್ಲದ ಮೊಳ

ಆತ್ಮೀಯ ಛಾಯಾಗ್ರಾಹಕ ಮಿತ್ರರೇ,

ನಾನು ಭಾನುವಾರಗಳಲ್ಲಿ ನಡೆಸುವ ತರಗತಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಒಮ್ಮೆ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ತೆಗೆದ ಚಿತ್ರವೊಂದನ್ನು ತಂದಿದ್ದಳು. ಹೂವಿನ ಅಂಗಡಿಯ ಅಜ್ಜಿ ಕಟ್ಟಿದ ಮಲ್ಲಿಗೆಯನ್ನು ಮೊಳ ಹಾಕುತ್ತಿದ್ದಾರೆ. ಮುಖ ಸ್ಪಷ್ಟವಾಗಿದೆ, ಕಣ್ಣಲ್ಲಿ ಹೊಳಪಿದೆ, ಹೂವು ಬೆಳ್ಳಗೆ ನಳನಳಿಸುತ್ತಿದೆ. ಪರದೆಯ ಮೇಲೆ ಚಿತ್ರ ಮೂಡಿದ ಕೂಡಲೇ ಎಲ್ಲರೂ ‘ಬಹಳ ಚೆನ್ನಾಗಿದೆ’ ಎಂದರು. ಹಿಂದಿನ ಸಾಲಿನಲ್ಲಿ ಟೈಲರ್ ಅಂಗಡಿ ನಡೆಸುವವರೊಬ್ಬರು ಕುಳಿತಿದ್ದರು. ದಿನವಿಡೀ ಅಳತೆಯ ಟೇಪು ಹಿಡಿದು ಬದುಕುವವರು. ಅವರು ಕೇಳಿದ್ದು ಒಂದೇ ಮಾತು: ‘ಮೊಣಕೈ ಎಲ್ಲಿ?’

ಚೌಕಟ್ಟಿನ ಎಡ ಅಂಚು ಅಜ್ಜಿಯ ತೋಳನ್ನು ಮೊಣಕೈಗಿಂತ ಎರಡು ಬೆರಳು ಮೊದಲೇ ತುಂಡರಿಸಿತ್ತು. ಬೆರಳ ತುದಿಯಿಂದ ಮೊಣಕೈವರೆಗೆ ಇದ್ದರೆ ಮಾತ್ರ ಮೊಳ. ಅಜ್ಜಿ ಏನು ಮಾಡುತ್ತಿದ್ದಾರೆ ಎಂಬುದನ್ನು ಹೇಳಬೇಕಾಗಿದ್ದ ಆ ಒಂದು ಗಂಟು ಚಿತ್ರದಿಂದ ಹೊರಗೆ ಉಳಿದುಬಿಟ್ಟಿತ್ತು. ಹುಡುಗಿ ಮುಖ ನೋಡುತ್ತಿದ್ದಳು, ಅಂಚು ನೋಡಿರಲಿಲ್ಲ. ಅಂದು ನಾನು ಅವಳಿಗೆ ಬೇರೆ ಪಾಠ ಹೇಳಲಿಲ್ಲ. ಮುಂದಿನ ವಾರ ಅದೇ ಅಂಗಡಿಗೆ ಹೋಗು, ಅದೇ ಅಜ್ಜಿಯ ಅದೇ ಕೆಲಸವನ್ನು ಮತ್ತೆ ತೆಗೆದುಕೊಂಡು ಬಾ ಎಂದೆ.

ಸಂಯೋಜನೆಯನ್ನು, ಅಂದರೆ ಚೌಕಟ್ಟಿನೊಳಗೆ ಯಾವುದು ಎಲ್ಲಿರಬೇಕು ಎಂಬುದನ್ನು, ಕಲಿಯುವ ಬಗೆ ಇದೇ ಎಂದು ನಾನು ನಂಬಿದ್ದೇನೆ. ಒಂದು ಚಿತ್ರ ತೆಗೆಯುವುದು, ಇನ್ನೊಬ್ಬರ ಕಣ್ಣು ಅದರಲ್ಲಿ ಎಲ್ಲಿ ಓಡಾಡಿತು, ಎಲ್ಲಿ ಎಡವಿತು ಎಂದು ಕೇಳಿಸಿಕೊಳ್ಳುವುದು, ಮತ್ತೆ ಅಲ್ಲಿಗೇ ಹೋಗಿ ತೆಗೆಯುವುದು. ಮೂರನೆಯ ಹೆಜ್ಜೆಯನ್ನು ನಾವು ಬಿಟ್ಟುಬಿಡುತ್ತೇವೆ. ಸಲಹೆ ಕೇಳಿ ತಲೆಯಾಡಿಸಿ, ಮುಂದಿನ ವಾರ ಹಂಪಿಗೋ ಆಗುಂಬೆಗೋ ಹೋಗಿ ಹೊಸ ಚಿತ್ರ ತರುತ್ತೇವೆ. ಹಳೆಯ ತಪ್ಪು ಹೊಸ ಊರಿನಲ್ಲಿ ಹಾಗೆಯೇ ಇರುತ್ತದೆ.

ಸಂಗೀತದವರು ಈ ವಿಷಯದಲ್ಲಿ ನಮಗಿಂತ ಎಷ್ಟೋ ಮುಂದಿದ್ದಾರೆ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ದಾರಿಯಲ್ಲಿ ಇಂದಿಗೂ ಮಕ್ಕಳು ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆಯಿಂದ ಶುರುಮಾಡುತ್ತಾರೆ, ಆಮೇಲೆ ಜಂಟಿ ವರಸೆ, ಅಲಂಕಾರ. ಮೊದಲ ದಿನವೇ ಯಾರೂ ಕೃತಿ ಹಾಡಿಸುವುದಿಲ್ಲ. ಮಗು ತಪ್ಪಿದ ಸ್ವರವನ್ನು ಗುರುಗಳು ಅಲ್ಲಿಯೇ ತಿದ್ದುತ್ತಾರೆ, ಮಗು ಅಲ್ಲಿಯೇ ಮತ್ತೆ ಹಾಡುತ್ತದೆ. ನಾವಾದರೋ ಕ್ಯಾಮೆರಾ ಕೊಂಡ ಮೊದಲ ವಾರವೇ ಕಚೇರಿ ಕೊಡಲು ಹೊರಡುತ್ತೇವೆ.

ನಮ್ಮಲ್ಲಿ ಸರಳೆ ವರಸೆಯ ಜಾಗದಲ್ಲಿ ಕೂತಿರುವುದು ‘ಮೂರನೇ ಒಂದರ ನಿಯಮ’. ಮೊಬೈಲಿನಲ್ಲಿ ಚೌಕಟ್ಟನ್ನು ಉದ್ದಕ್ಕೂ ಅಡ್ಡಕ್ಕೂ ಮೂರು ಪಾಲು ಮಾಡುವ ಗೆರೆಗಳನ್ನು ಹಾಕಿಕೊಂಡು, ವಸ್ತುವನ್ನು ಗೆರೆ ಕೂಡುವಲ್ಲಿ ಇಟ್ಟರೆ ಮುಗಿಯಿತು ಎನ್ನುತ್ತಾರೆ. ಈ ನಿಯಮಕ್ಕೆ ಹೆಸರು ಕೊಟ್ಟು ಬರೆದವನು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರ, 1797ರಲ್ಲಿ. ಛಾಯಾಗ್ರಹಣ ಲೋಕದ ಮುಂದೆ ಬಂದದ್ದು 1839ರಲ್ಲಿ. ಅಂದರೆ ಕುಂಚ ಹಿಡಿದು, ಮರವನ್ನು ಬೇಕಾದಲ್ಲಿ ಬರೆಯಬಲ್ಲವನಿಗಾಗಿ ಹುಟ್ಟಿದ ಸೂತ್ರ ಅದು. ನಮಗೆ ಮರ ಸರಿಯುವುದಿಲ್ಲ, ನಾವೇ ಸರಿಯಬೇಕು. ಸೂತ್ರ ತಪ್ಪೆಂದು ಹೇಳುತ್ತಿಲ್ಲ. ಆದರೆ ಎರಡು ಹೆಜ್ಜೆ ಎಡಕ್ಕೆ ಹೋಗಬೇಕೋ, ಮಂಡಿಯೂರಬೇಕೋ, ಐದು ನಿಮಿಷ ಕಾಯಬೇಕೋ ಎಂಬುದನ್ನು ಅದು ಹೇಳಲಾರದು. ಅದನ್ನು ಕಾಲು ಕಲಿಯಬೇಕು.

ಹಾಗಾಗಿ ನನ್ನ ತರಗತಿಯ ಮೊದಲ ಅಭ್ಯಾಸ ಒಂದು ಹಿತ್ತಾಳೆ ಚೊಂಬು. ಮನೆಯಲ್ಲಿರುವ ಯಾವುದೇ ಚೊಂಬು, ಒಂದು ಕಿಟಕಿ, ಒಂದೇ ಲೆನ್ಸ್, 36 ಚಿತ್ರ. ಯಾವುದನ್ನೂ ಅಳಿಸುವಂತಿಲ್ಲ. 35 ಮಿ.ಮೀ. ಫಿಲ್ಮ್ ರೋಲಿನಲ್ಲಿ 36 ಚಿತ್ರಗಳಿರುತ್ತಿದ್ದವು; ಆ ಲೆಕ್ಕವನ್ನೇ ಉಳಿಸಿಕೊಂಡಿದ್ದೇನೆ. ಮೊದಲ ಹತ್ತು ಚಿತ್ರಗಳು ಎಲ್ಲರದೂ ಒಂದೇ: ನಿಂತ ಎತ್ತರದಿಂದ, ಚೊಂಬು ನಟ್ಟನಡುವೆ. ಹನ್ನೆರಡರ ಹೊತ್ತಿಗೆ ಬೇಸರ ಶುರುವಾಗುತ್ತದೆ. ಆ ಬೇಸರಕ್ಕಾಗಿಯೇ ನಾನು ಈ ಅಭ್ಯಾಸ ಕೊಡುವುದು. ಬೇಸರ ಬಂದವನು ನೆಲಕ್ಕೆ ಕೂರುತ್ತಾನೆ. ಆಗ ಚೊಂಬಿನ ಕಂಠ ಕಾಣುತ್ತದೆ, ಹೊಟ್ಟೆಯಲ್ಲಿ ಬಾಗಿದ ಕಿಟಕಿಯ ಸರಳುಗಳು ಕಾಣುತ್ತವೆ, ಆ ಸರಳುಗಳ ನಡುವೆ ತನ್ನದೇ ಪುಟ್ಟ ಆಕೃತಿ ಕಾಣುತ್ತದೆ. ಇಪ್ಪತ್ತೈದರ ನಂತರ ಕೆಲವರು ಚೊಂಬನ್ನು ಅಂಚಿಗೆ ತಳ್ಳಿ ಅದರ ನೆರಳನ್ನು ನಡುವೆ ತರುತ್ತಾರೆ. 36 ಚಿತ್ರಗಳನ್ನೂ ಸಾಲಾಗಿ ಪರದೆಗೆ ಹಾಕಿದರೆ, ಯಾವ ಚಿತ್ರದಲ್ಲಿ ಅವರು ಚೊಂಬನ್ನು ನಿಜವಾಗಿ ನೋಡಲು ತೊಡಗಿದರು ಎಂದು ಬೆರಳಿಟ್ಟು ತೋರಿಸಬಹುದು. ಅಳಿಸಬೇಡಿ ಎನ್ನುವುದು ಅದಕ್ಕೇ.

ಎರಡನೆಯ ಅಭ್ಯಾಸದಲ್ಲಿ ವಸ್ತುವನ್ನೇ ಹುಡುಕಬಾರದು. ಒಳ್ಳೆಯ ಹಿನ್ನೆಲೆ ಹುಡುಕಿ, ಚೌಕಟ್ಟು ಕಟ್ಟಿ, ಅರ್ಧ ಗಂಟೆ ಅಲ್ಲಿಯೇ ನಿಲ್ಲಬೇಕು. ಸುಣ್ಣ ಬಳಿದ ಗೋಡೆ, ಅದರ ಮೇಲೆ ಓರೆಯಾಗಿ ಬಿದ್ದ ಬಿಸಿಲು. ಯಾರೋ ಬರುತ್ತಾರೆ. ಸೈಕಲ್ ಬರುತ್ತದೆ, ಹಾಲಿನ ಕ್ಯಾನು ಬರುತ್ತದೆ, ಒಂದು ಹಸು ಬಂದು ಸರಿಯಾದ ಜಾಗದಲ್ಲಿ ನಿಲ್ಲುತ್ತದೆ. ಫ್ರಾನ್ಸಿನ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೇ ಬ್ರೆಸಾನ್ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ, ನೀರಿನ ಮೇಲೆ ಜಿಗಿಯುತ್ತಿದ್ದ ಮನುಷ್ಯನ ಚಿತ್ರವನ್ನು ಬೇಲಿಯ ಹಲಗೆಗಳ ಸಂದಿನಿಂದ ತೆಗೆದರು. ಹಲಗೆ ಅಡ್ಡ ಬಂದ ಕಾರಣ ಆ ಚಿತ್ರದ ಅಂಚನ್ನು ಆಮೇಲೆ ಕತ್ತರಿಸಬೇಕಾಯಿತು. ಚಿತ್ರ ಕತ್ತರಿಸುವುದನ್ನು ಒಪ್ಪದ ಅವರಂಥವರಿಗೂ ಅದೊಂದು ಅಪವಾದವಾಯಿತು. ಆ ಕ್ಷಣ ಸಿಕ್ಕಿದ್ದನ್ನು ಅದೃಷ್ಟ ಎನ್ನುವವರಿದ್ದಾರೆ. ಆದರೆ ಅದಕ್ಕೂ ಮೊದಲು ಅವರು ಆಂದ್ರೆ ಲೋಟ್ ಎಂಬ ಚಿತ್ರಕಲಾವಿದರ ಬಳಿ ರೇಖೆ, ಆಕಾರ, ಪ್ರಮಾಣಗಳನ್ನು ಅಭ್ಯಾಸ ಮಾಡಿದ್ದರು. ಸಂದಿಗೆ ಕಣ್ಣಿಟ್ಟಾಗ ಆ ಕಣ್ಣು ಮೊದಲೇ ಸಿದ್ಧವಾಗಿತ್ತು.

ಮೊಬೈಲಿನಲ್ಲಿ ತೆಗೆಯುವವರಿಗೆ ಇಲ್ಲೊಂದು ಮಾತು. ನಿಮ್ಮ ಮುಖ್ಯ ಲೆನ್ಸ್ ಸಾಮಾನ್ಯವಾಗಿ ಹಳೆಯ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 24ರಿಂದ 28 ಮಿ.ಮೀ. ಲೆನ್ಸಿನಷ್ಟು ಅಗಲದ ನೋಟದ್ದು. ಬೇಡವೆಂದರೂ ಅದು ಎಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಹತ್ತಿರ ಹೋದರೆ ಮುಖದ ಮೂಗು ದೊಡ್ಡದಾಗುತ್ತದೆ. ಮುಖ ತೆಗೆಯುವಾಗ ಎರಡು ಪಟ್ಟು ಝೂಮ್ ಹಾಕಿ ಒಂದೆರಡು ಹೆಜ್ಜೆ ಹಿಂದೆ ನಿಲ್ಲಿ. ಕ್ಲಿಕ್ ಮಾಡುವ ಮುನ್ನ ನಾಲ್ಕು ಅಂಚುಗಳನ್ನೂ ಒಮ್ಮೆ ಕಣ್ಣಿನಿಂದ ಸುತ್ತಿ ಬನ್ನಿ.

ಇನ್ನು ವಿಮರ್ಶೆ. ನಾನು ತರುಣನಾಗಿದ್ದಾಗ ಒಂದು ಸ್ಪರ್ಧೆಗೆ ನಾಲ್ಕು ಪ್ರಿಂಟ್‌ಗಳನ್ನು ಕಳಿಸಿದ್ದೆ. ಎರಡು ತಿಂಗಳ ಸಂಬಳದಿಂದ ಉಳಿಸಿದ ಹಣದಲ್ಲಿ ಕಾಗದ ಕೊಂಡು, ರಾತ್ರಿ ಅಡುಗೆಮನೆಯನ್ನು ಕತ್ತಲೆಕೋಣೆ ಮಾಡಿಕೊಂಡು ಮಾಡಿದ ಪ್ರಿಂಟ್‌ಗಳು. ನಾಲ್ಕೂ ಹಿಂದಿರುಗಿದವು, ಪ್ರತಿಯೊಂದರ ಹಿಂದೆ ಒಂದು ಅಂಕಿ. ಆ ಅಂಕಿಯಿಂದ ನಾನು ಏನು ಕಲಿಯಬೇಕಿತ್ತು ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ. ಆ ಪ್ರಿಂಟ್‌ಗಳನ್ನು ಹಿಡಿದುಕೊಂಡು ಹಿರಿಯರೊಬ್ಬರ ಮನೆಗೆ ಹೋದೆ. ಅವರು ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಹೇಳಲಿಲ್ಲ. ಮೊದಲು ಪ್ರಿಂಟನ್ನು ತಲೆಕೆಳಗಾಗಿ ಇಟ್ಟರು. ಎತ್ತಿನ ಗಾಡಿ ಮಾಯವಾಗಿ ಬರೀ ಕಪ್ಪು ಬಿಳಿ ರಾಶಿಗಳು ಉಳಿದವು. ಬಲಗಡೆ ಎಷ್ಟು ಭಾರವಾಗಿತ್ತೆಂದು ಆಗ ಕಂಡಿತು. ಆಮೇಲೆ ಇಂಗ್ಲಿಷಿನ ‘ಎಲ್’ ಆಕಾರದ ಎರಡು ರಟ್ಟುಗಳನ್ನು ತೆಗೆದು ಚಿತ್ರದ ಮೇಲೆ ಇಟ್ಟು, ನಿಧಾನವಾಗಿ ಸರಿಸುತ್ತಾ ಹೋದರು. ಒಂದು ಕಡೆ ರಟ್ಟು ನಿಂತಿತು. ‘ಈಗ ನೋಡಪ್ಪಾ’ ಎಂದರು. ಅಷ್ಟೇ. ಆ ರಟ್ಟುಗಳನ್ನು ಅವರು ನನಗೇ ಕೊಟ್ಟರು. ಇಂದು ಕೂಡ ಚೀಲದಲ್ಲಿವೆ.

ಬೆಂಗಳೂರಿನ ವನ್ಯಜೀವಿ ಛಾಯಾಗ್ರಹಣ ಬೆಳೆದದ್ದೂ ಹೀಗೆ, ಕೈಯಿಂದ ಕೈಗೆ. ಟಿ.ಎನ್.ಎ. ಪೆರುಮಾಳ್ ಅವರು ಒ.ಸಿ. ಎಡ್ವರ್ಡ್ಸ್ ಅವರ ಜೊತೆಗಿದ್ದು ಕಲಿತರು. ಪೆರುಮಾಳ್ ಅವರಿಂದ ಮುಂದೆ ಎಷ್ಟೋ ಜನ ಕಲಿತರು.

ನಮ್ಮ ತರಗತಿಯಲ್ಲಿ ಚಿತ್ರ ತೆಗೆದವರು ಮೊದಲು ಬಾಯಿ ತೆರೆಯುವಂತಿಲ್ಲ. ಬೆಟ್ಟ ಹತ್ತಿದ್ದು, ಮಳೆಯಲ್ಲಿ ನೆನೆದದ್ದು ಚೌಕಟ್ಟಿನೊಳಗೆ ಇಲ್ಲ, ಅದನ್ನು ಹೇಳಿದರೆ ನೋಡುವವರ ಕಣ್ಣು ಕಟ್ಟಿದಂತಾಗುತ್ತದೆ. ನೋಡುವವರು ತಮ್ಮ ಕಣ್ಣಿನ ದಾರಿಯನ್ನು ಹೇಳಬೇಕು: ಮೊದಲು ಎಲ್ಲಿ ಬಿತ್ತು, ಆಮೇಲೆ ಎಲ್ಲಿಗೆ ಹೋಯಿತು, ಎಲ್ಲಿಂದ ಹೊರಗೆ ಜಾರಿತು. ‘ನೀನು ಸರಿಯಾಗಿ ನೋಡಿಲ್ಲ’ ಎಂದರೆ ಮನಸ್ಸು ಮುದುಡುತ್ತದೆ. ‘ನನ್ನ ಕಣ್ಣು ಮೂಲೆಯ ಕೆಂಪು ಬಕೆಟ್ಟಿಗೇ ಹೋಗುತ್ತಿದೆ’ ಎಂದರೆ ಯಾರಿಗೂ ನೋವಿಲ್ಲ, ಬಕೆಟ್ಟಿನ ವಿಷಯ ಎಲ್ಲರಿಗೂ ತಿಳಿಯಿತು. ಕೊನೆಗೆ ನಾಳೆ ಮಾಡಬಹುದಾದ ಒಂದೇ ಕೆಲಸ ಹೇಳಬೇಕು. ‘ಹಿನ್ನೆಲೆ ಸರಿಯಿಲ್ಲ’ ಎಂಬುದು ತೀರ್ಪು. ‘ಒಂದು ಹೆಜ್ಜೆ ಬಲಕ್ಕೆ ಸರಿದರೆ ಕಂಬ ತಲೆಯಿಂದ ಬಿಟ್ಟುಕೊಳ್ಳುತ್ತದೆ’ ಎಂಬುದು ಸಹಾಯ.

ಕೇಳಿಸಿಕೊಂಡವರು ಒಪ್ಪಲೇಬೇಕೆಂದಿಲ್ಲ. ಒಬ್ಬ ಹುಡುಗ ಜಗಲಿಯ ತುದಿಯಲ್ಲಿ ಕುಳಿತ ತನ್ನ ತಾಯಿಯ ಚಿತ್ರ ತಂದಿದ್ದ. ಮುಕ್ಕಾಲು ಪಾಲು ಖಾಲಿ ಅಂಗಳ. ಕತ್ತರಿಸು ಎಂದು ಎಲ್ಲರೂ ಹೇಳಿದೆವು, ನಾನೂ ಹೇಳಿದೆ. ಅವನು ನನ್ನ ಕೈಯಿಂದಲೇ ರಟ್ಟುಗಳನ್ನು ತೆಗೆದುಕೊಂಡು ಅಂಗಳವನ್ನು ಮುಚ್ಚಿದ, ಮತ್ತೆ ತೆರೆದ. ಮುಚ್ಚಿದಾಗ ಒಬ್ಬ ಹೆಂಗಸು ಕುಳಿತಿದ್ದಳು. ತೆರೆದಾಗ ಆಕೆ ಯಾರಿಗೋ ಕಾಯುತ್ತಿದ್ದಳು. ನಾವು ಸಲಹೆಯನ್ನು ಹಿಂದಕ್ಕೆ ತೆಗೆದುಕೊಂಡೆವು.

ಮಾರುಕಟ್ಟೆಯ ಹುಡುಗಿ ನಾಲ್ಕು ವಾರ ಹೋದಳು. ಎರಡನೆಯ ವಾರ ಮೊಣಕೈ ಬಂತು, ಆದರೆ ಅಜ್ಜಿಯ ತಲೆಯ ಹಿಂದೆ ಟ್ಯೂಬ್‌ಲೈಟ್ ಕೋಡಿನಂತೆ ಎದ್ದಿತ್ತು. ಮೂರನೆಯ ವಾರ ಬಾಗಿ ತೆಗೆದಳು. ಟ್ಯೂಬ್‌ಲೈಟ್ ಹೋಯಿತು, ಮಲ್ಲಿಗೆ ಬಿಳಿ ಸೀರೆಯ ಮೇಲೆ ಬಿದ್ದು ಕಳೆದುಹೋಯಿತು. ನಾಲ್ಕನೆಯ ವಾರ ಬೆಳಗ್ಗೆ ಏಳಕ್ಕೇ ಹೋಗಿ ಅಂಗಡಿಯ ಪಕ್ಕಕ್ಕೆ ನಿಂತಳು. ಹಿಂದೆ ಅಂಗಡಿಯ ಒಳಗಿನ ಕತ್ತಲೆ, ಅದರ ಮುಂದೆ ಬೆರಳಿನಿಂದ ಮೊಣಕೈವರೆಗೆ ಬಿಗಿಯಾಗಿ ನಿಂತ ಒಂದು ಬಿಳಿ ಗೆರೆ. ಅಜ್ಜಿಯ ಮುಖ ಅರ್ಧ ಮಾತ್ರ ಕಾಣುತ್ತದೆ. ಟೈಲರ್ ಅಂಗಡಿಯವರು ಬಹಳ ಹೊತ್ತು ನೋಡಿ, ‘ಇದು ಪೂರ್ತಿ ಮೊಳ’ ಎಂದರು. ಈ ನಡುವೆ ಅಜ್ಜಿಗೂ ಹುಡುಗಿಯ ಮೇಲೆ ಅಕ್ಕರೆ ಬೆಳೆದು, ಅವಳಿಗೆ ಹೂವು ಅಳೆದು ಕೊಡುವಾಗ ನಾಲ್ಕು ಬೆರಳು ಹೆಚ್ಚಿಗೆ ಬಿಡುತ್ತಿದ್ದರಂತೆ.

ಈಗ ಗಂಟೆ ನಾಲ್ಕೂವರೆ. ಹೊರಗೆ ಬಿಸಿಲು ಓರೆಯಾಗುತ್ತಿದೆ. ಆ ಮೇಜಿನ ಮೇಲೆ ಆರು ಚೊಂಬುಗಳಿವೆ, ಐದೈದು ಜನಕ್ಕೆ ಒಂದರಂತೆ ತೆಗೆದುಕೊಂಡು ಹೋಗಿ. ಒಬ್ಬೊಬ್ಬರಿಗೂ 36 ಚಿತ್ರ, ಏನನ್ನೂ ಅಳಿಸಬೇಡಿ. ಆರೂವರೆಗೆ ಇಲ್ಲಿಯೇ ಸೇರೋಣ. ರಟ್ಟುಗಳು ನನ್ನ ಬಳಿ ಇವೆ.